ರಾತ್ರಿಯ ಕೋಳಿ ಸಾರು ಒಲೆಯ ಮೇಲೇ ಉಳಿದಿದೆ, ಕುದಿಸಿ ತಿನ್ನಬಹುದಾ?

ಪ್ರಶ್ನೆ (ವಿಜಯನಗರ, ಬೆಂಗಳೂರು):
ಮೇಡಂ, ನಮಸ್ಕಾರ. ನಿನ್ನೆ ರಾತ್ರಿ 9ಕ್ಕೆ ಅನ್ನ, ಕೋಳಿ ಸಾರು ಮಾಡಿದ್ದೆ. ಸ್ವಲ್ಪ ಆರಲಿ, ಆಮೇಲೆ ಫ್ರಿಜ್ಜಿಗೆ ಇಡೋಣ ಅಂತ ಬಿಟ್ಟವಳು ಹಾಗೇ ನಿದ್ದೆ ಹೋದೆ. ಬೆಳಿಗ್ಗೆ 7ಕ್ಕೆ ಎದ್ದು ನೋಡಿದರೆ ಎರಡೂ ಒಲೆಯ ಮೇಲೇ ಇವೆ. ವಾಸನೆ ಚೆನ್ನಾಗಿಯೇ ಇದೆ. ಒಂದು ಚಮಚ ರುಚಿಯೂ ನೋಡಿದೆ, ಹುಳಿ ಬಂದಿಲ್ಲ. ಅತ್ತೆ 'ಚೆನ್ನಾಗಿ ಒಂದು ಕುದಿ ಕುದಿಸಮ್ಮ, ಏನೂ ಆಗಲ್ಲ, ನಾವೆಲ್ಲ ಹಾಗೇ ತಿಂದು ಬೆಳೆದಿದ್ದು' ಅನ್ನುತ್ತಾರೆ. ಒಂದು ಕೆ.ಜಿ. ಕೋಳಿ, ಚೆಲ್ಲೋಕೆ ಮನಸ್ಸು ಬರುತ್ತಿಲ್ಲ. ಮಗನಿಗೆ ಐದು ವರ್ಷ. ಏನು ಮಾಡಲಿ?

ಉತ್ತರ (ಆಹಾರ ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಮಾಡುವವರು):
ಚೆಲ್ಲಿಬಿಡಿ, ಎರಡನ್ನೂ. ಹೊಟ್ಟೆ ಉರಿಯುತ್ತದೆ, ಗೊತ್ತು.

ಅಡುಗೆ ಕುದ್ದಾಗ ಹೆಚ್ಚಿನ ಕ್ರಿಮಿಗಳು ಸಾಯುತ್ತವೆ. ಆದರೆ ಕೆಲವಕ್ಕೆ ಬೀಜದಂಥ ಒಂದು ಗಟ್ಟಿ ರೂಪ ಇರುತ್ತದೆ. ಅದು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಇದೆ, ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಇನ್ನೊಂದು. ಪಾತ್ರೆ ಆರುತ್ತಾ ಉಗುರುಬೆಚ್ಚಗೆ ಆದಾಗ ಈ ಬೀಜಗಳು ಮೊಳೆಯುತ್ತವೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿ ಅವಕ್ಕೆ ಸುಗ್ಗಿ. ಒಂದು ಕ್ರಿಮಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಗಂಟೆಗೆ 8, ಎರಡು ಗಂಟೆಗೆ 64. ಎಂಟು ಗಂಟೆಗೆ ಒಂದೂವರೆ ಕೋಟಿ ದಾಟುತ್ತದೆ. ಮಾಂಸದ ಆ ಕ್ರಿಮಿಯಂತೂ 43–45 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೇ ಎರಡಾಗಬಲ್ಲದು. ಮುಚ್ಚಳ ಹಾಕಿದ ದಪ್ಪ ತಳದ ಪಾತ್ರೆ ಆ ಬಿಸಿಯನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ, ನೀವೇ ಯೋಚಿಸಿ. ನಿಮ್ಮದು ಹತ್ತು ಗಂಟೆ ಹೊರಗಿತ್ತು.

ಈಗ ಅತ್ತೆಯವರ ಕುದಿಯ ವಿಷಯ. ಕುದಿಸಿದರೆ ಬೆಳೆದ ಕ್ರಿಮಿ ಸಾಯುತ್ತದೆ, ಅದು ನಿಜ. ಆದರೆ ಸಾಯುವ ಮೊದಲು ಕೆಲವು ಕ್ರಿಮಿಗಳು ಅನ್ನದಲ್ಲಿ ವಿಷ ಬಿಟ್ಟಿರುತ್ತವೆ. ಅನ್ನದ ಕ್ರಿಮಿಯ ಒಂದು ವಿಷ ವಾಂತಿ ತರಿಸುತ್ತದೆ. ಅದನ್ನು 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಹಾಳಾಗುವುದಿಲ್ಲ. ನಮ್ಮ ಒಲೆಯ ಕುದಿ 100 ಡಿಗ್ರಿ. ಕೈಯಿಂದ, ಮೂಗಿನಿಂದ ಬರುವ ಸ್ಟಾಫಿಲೊಕಾಕಸ್‌ನ ವಿಷವೂ ಹಾಗೇ, ಬಿಸಿಗೆ ಬಗ್ಗುವುದಿಲ್ಲ.

ವಾಸನೆ ನೋಡಿ ನಂಬಬೇಡಿ. ಹುಳಿ ವಾಸನೆ, ಲೋಳೆ, ನೊರೆ ಇವೆಲ್ಲ ಅಡುಗೆ ಹಳಸಿಸುವ ಕ್ರಿಮಿಗಳ ಕೆಲಸ. ಹೊಟ್ಟೆ ಕೆಡಿಸುವ ಕ್ರಿಮಿಗಳು ಬಹಳ ಸಲ ವಾಸನೆ, ರುಚಿ ಯಾವುದನ್ನೂ ಬದಲಾಯಿಸುವುದಿಲ್ಲ. ಹಳಸಿದ್ದನ್ನು ಯಾರೂ ತಿನ್ನುವುದಿಲ್ಲ ಬಿಡಿ. ಘಮ್ ಅನ್ನುವುದನ್ನು ತಿಂದೇ ಜನ ಮಲಗುವುದು.

ಮಂಡ್ಯದಿಂದ ಒಬ್ಬರು:
ಮೇಡಂ, ಹಾಗಾದ್ರೆ ನಮ್ಮಜ್ಜಿ ದಿನಾ ಬೆಳಿಗ್ಗೆ ತಂಗಳನ್ನ ಮಜ್ಜಿಗೆ ಉಣ್ಣುತ್ತಿದ್ದರಲ್ಲ? 88 ವರ್ಷ ಗಟ್ಟಿಯಾಗಿ ಬದುಕಿದರು. ಬಸ್ಸಾರಂತೂ ಮಾರನೇ ದಿನವೇ ರುಚಿ. ಫ್ರಿಜ್ ಬಂದ ಮೇಲೇ ಕಾಯಿಲೆ ಜಾಸ್ತಿ ಆಗಿದ್ದು ಅನ್ನಿಸುತ್ತದೆ.

ಉತ್ತರ:
ಈ ಪ್ರಶ್ನೆ ಬರುತ್ತದೆ ಅಂತ ಕಾಯುತ್ತಿದ್ದೆ. ಅಜ್ಜಿ ತಪ್ಪು ಮಾಡುತ್ತಿರಲಿಲ್ಲ. ಅವರ ಪದ್ಧತಿಯಲ್ಲಿ ಅರ್ಧ ಮಾತ್ರ ನಾವು ಉಳಿಸಿಕೊಂಡಿದ್ದೇವೆ, ತೊಂದರೆ ಅಲ್ಲಿದೆ.

ಅಜ್ಜಿ ಅನ್ನವನ್ನು ಕುಕ್ಕರಿನಲ್ಲಿ ಮುಚ್ಚಿಟ್ಟು ಮಲಗುತ್ತಿದ್ದರಾ? ಇಲ್ಲ. ಉಳಿದ ಅನ್ನಕ್ಕೆ ತಣ್ಣೀರು ಹಾಕಿ ಮಡಕೆಯಲ್ಲಿ ಇಡುತ್ತಿದ್ದರು. ನೀರು ಬಿದ್ದ ಕೂಡಲೇ ಅನ್ನ ಬೇಗ ತಣ್ಣಗಾಗುತ್ತದೆ. ರಾತ್ರಿಯೆಲ್ಲ ಅದರಲ್ಲಿ ಮೊಸರಿನಲ್ಲಿರುವಂಥ ಹುಳಿ ಬರಿಸುವ ಒಳ್ಳೆಯ ಕ್ರಿಮಿಗಳು ಬೆಳೆಯುತ್ತವೆ. ಹುಳಿ ಏರಿದಂತೆ ಕೆಟ್ಟವಕ್ಕೆ ಜಾಗ ಇಲ್ಲ. ದೋಸೆ ಹಿಟ್ಟು ಹುದುಗುವುದೂ ಇದೇ ತಂತ್ರದಿಂದ. ಬೆಳಿಗ್ಗೆ ಅದಕ್ಕೆ ಮಜ್ಜಿಗೆ, ಉಪ್ಪು ಬೇರೆ. ನಾವು ಏನು ಮಾಡುತ್ತೇವೆ? ಒಣ ಅನ್ನವನ್ನು ಬಿಸಿಬಿಸಿ ಮುಚ್ಚಿಟ್ಟು, ಬೆಳಿಗ್ಗೆ ಚಿತ್ರಾನ್ನ ಕಲಸಿ 'ತಂಗಳನ್ನ ತಿಂದರೆ ಏನಾಗುತ್ತೆ' ಅನ್ನುತ್ತೇವೆ. ಎರಡೂ ಒಂದೇ ಅಲ್ಲ. ಹಾಗಂತ ತಂಗಳನ್ನ ನೂರಕ್ಕೆ ನೂರು ಸುರಕ್ಷಿತ ಅಂತಲೂ ಬರೆದುಕೊಡಲಾರೆ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ನಾನು ಕೊಡುವುದಿಲ್ಲ.

ಬಸ್ಸಾರಿನಲ್ಲಿ ಹುಣಸೆಹುಳಿ ಇದೆ. ಹುಳಿ ಇದ್ದದ್ದು ಸ್ವಲ್ಪ ತಡೆಯುತ್ತದೆ. ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಒಮ್ಮೆ ಕುದಿಸಿಡುವ ರೂಢಿಯೂ ಇತ್ತು. ಕೋಳಿ ಸಾರಿನಲ್ಲಿ ತೆಂಗಿನಕಾಯಿ ಮಸಾಲೆ, ಮಾಂಸ, ಹುಳಿ ಕಡಿಮೆ. ಕ್ರಿಮಿಗೆ ಅದು ಹಬ್ಬದೂಟ. ಪ್ರಯಾಣಕ್ಕೆ ಪುಳಿಯೋಗರೆ ಕಟ್ಟಿಕೊಟ್ಟು, ಕಾಯಿ ಹಾಕಿದ ಚಿತ್ರಾನ್ನ ಬೇಡ ಅಂದವರು ನಮ್ಮ ಅಜ್ಜಿಯರೇ. ಉತ್ತರ ಕರ್ನಾಟಕದ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದಲ್ಲ, ಅದರಲ್ಲಿ ಕ್ರಿಮಿ ಕುಡಿಯೋಕೆ ನೀರೇ ಇಲ್ಲ. ಹುಳಿ, ಉಪ್ಪು, ಒಣಗಿಸುವುದು: ಫ್ರಿಜ್ ಇಲ್ಲದವರ ಫ್ರಿಜ್ ಅದು.

ಶಿವಮೊಗ್ಗದಿಂದ ಒಬ್ಬರು:
ಬಿಸಿ ಅಡುಗೆ ಫ್ರಿಜ್ಜಿಗೆ ಇಟ್ಟರೆ ಫ್ರಿಜ್ ಹಾಳಾಗುತ್ತೆ, ಪೂರ್ತಿ ಆರಿದ ಮೇಲೇ ಇಡಬೇಕು ಅಂತಾರಲ್ಲ ಮೇಡಂ? ನಮ್ಮ ಮನೆಯಲ್ಲಿ ಇದೇ ದಿನಾ ಜಗಳ.

ಉತ್ತರ:
ಪೂರ್ತಿ ಆರುವವರೆಗೆ ಕಾಯುವುದೇ ಈ ಎಲ್ಲ ಕಥೆಯ ಮೂಲ. ವಿಜಯನಗರದ ತಂಗಿಗೂ ಆಗಿದ್ದು ಅದೇ. ಅಡುಗೆ ಇಳಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿ ಇರಬೇಕು. ಬೇಸಿಗೆಯಲ್ಲಿ ಕೋಣೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್, ಮೇನಲ್ಲಿ ಈ ಒಂದು ಗಂಟೆಯನ್ನೇ ಹಿಡಿಯಿರಿ. ಕುದಿಯುವ ಪಾತ್ರೆಯನ್ನೇ ಎತ್ತಿ ಇಡಿ ಅಂತಲ್ಲ. ಅಗಲವಾದ ತಟ್ಟೆಗೆ ಅಥವಾ ಚಿಕ್ಕ ಡಬ್ಬಿಗಳಿಗೆ ಬಗ್ಗಿಸಿ. ತಣ್ಣೀರಿನ ಬೇಸಿನ್ನಿನಲ್ಲಿ ಪಾತ್ರೆ ಇಟ್ಟು ಸೌಟಿನಿಂದ ತಿರುಗಿಸಿ. ಅರ್ಧ ಗಂಟೆಯಲ್ಲಿ ಬೆಚ್ಚಗಾಗುತ್ತದೆ, ಒಳಗಿಡಿ. ಸ್ವಲ್ಪ ಬೆಚ್ಚಗಿದ್ದರೆ ಫ್ರಿಜ್ಜಿಗೆ ಏನೂ ಆಗುವುದಿಲ್ಲ.

ದೊಡ್ಡ ಪಾತ್ರೆಯ ಬಗ್ಗೆ ನನ್ನದೇ ಒಂದು ಅವಮಾನ ಹೇಳಿಬಿಡುತ್ತೇನೆ. ನಮ್ಮ ಮನೆಯ ಗೃಹಪ್ರವೇಶದ ರಾತ್ರಿ ಒಂದು ಕೊಳಗ ಬಿಸಿಬೇಳೆಬಾತ್ ಉಳಿಯಿತು. ಎಲ್ಲರಿಗೂ ಸುಸ್ತು. ಹಿತ್ತಿಲ ಕಡೆ ಗಾಳಿಗೆ ಇದ್ದರೆ ಆಯ್ತು ಅಂತ ಮುಚ್ಚಿಟ್ಟು ಮಲಗಿದೆವು. ಬೆಳಿಗ್ಗೆ ಸೌಟು ಹಾಕಿದರೆ ನಡುವೆ ಇನ್ನೂ ಬೆಚ್ಚಗಿತ್ತು. ಬೆಚ್ಚಗಿದೆ ಅಂದರೆ ಚೆನ್ನಾಗಿದೆ ಅಂದುಕೊಂಡು ಬಿಸಿ ಮಾಡಿ ಬಡಿಸಿದೆವು. ಆ ರಾತ್ರಿ ಎಂಟು ಜನರಿಗೆ ಭೇದಿ, ನನಗೂ ಸೇರಿ. ಯಾವ ಕ್ರಿಮಿ ಅಂತ ಪರೀಕ್ಷೆ ಯಾರೂ ಮಾಡಿಸಲಿಲ್ಲ. ಪಾಠ ಮಾಡುವವಳ ಮನೆಯಲ್ಲೇ ಹೀಗೆ ಅಂತ ನಾದಿನಿ ಈಗಲೂ ನಗುತ್ತಾಳೆ. ಗಟ್ಟಿ ಅಡುಗೆ ಹೊರಗಿನಿಂದ ಆರುತ್ತದೆ, ನಡುವಿನದು ರಾತ್ರಿಯಿಡೀ ಕಾವು ಕೊಡುತ್ತಲೇ ಇರುತ್ತದೆ.

ಕರೆಂಟು ಹೋದರೆ ಏನು ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ. ಪದೇ ಪದೇ ತೆಗೆದು ನೋಡಬೇಡಿ.

ಹುಬ್ಬಳ್ಳಿಯಿಂದ ಒಬ್ಬರು:
ಮೇಡಂ, ಮಗಳ ಡಬ್ಬಿ ಬೆಳಿಗ್ಗೆ 7ಕ್ಕೆ ಕಟ್ತೀನ್ರಿ. ಅಕಿ ಉಣ್ಣೂದು 1ಕ್ಕೆ. ಇದೂ ತಪ್ಪೇನ್ರಿ? ಮತ್ತ ಕುಕ್ಕರ್ ಮುಚ್ಚಳ ತೆಗೀದೇ ಇಟ್ರ ಅನ್ನ ಕೆಡೂದಿಲ್ಲ ಅಂತಾರಲ್ಲ, ಖರೇ ಏನು?

ಉತ್ತರ:
ಆರು ಗಂಟೆ ಸ್ವಲ್ಪ ಜಾಸ್ತಿಯೇ ಆಯಿತು ಅಕ್ಕಾ. ನಾಲ್ಕು ಗಂಟೆಯೊಳಗೆ ಉಣ್ಣುವಂತಿದ್ದರೆ ಅಷ್ಟು ಚಿಂತೆ ಇಲ್ಲ. ಹಾಗಾಗಿ ಡಬ್ಬಿಗೆ ಏನು ಹಾಕುತ್ತೀರಿ ಅನ್ನುವುದು ಮುಖ್ಯ. ಚಪಾತಿ, ಒಣ ಪಲ್ಯ, ಶೇಂಗಾ ಚಟ್ನಿಪುಡಿ ಒಳ್ಳೆಯದು. ನಿಂಬೆಹಣ್ಣು ಚೆನ್ನಾಗಿ ಹಿಂಡಿದ, ಕಾಯಿ ಹಾಕದ ಅನ್ನ ಆಗಬಹುದು. ಮೊಸರನ್ನಕ್ಕೆ ಬರೀ ಹಾಲು ಹಾಕದೆ ಹುಳಿ ಮೊಸರನ್ನೇ ಕಲಸಿ. ಕಾಯಿ ಚಟ್ನಿ, ಬೇಯಿಸಿದ ಮೊಟ್ಟೆ, ನಿನ್ನೆಯ ಅನ್ನದ ಪಲಾವ್ ಬೇಡ. ಬಿಸಿ ಹಿಡಿದಿಡುವ ಡಬ್ಬಿ ಇದ್ದರೆ ಮೊದಲು ಅದಕ್ಕೆ ಕುದಿನೀರು ಹಾಕಿ ಚೆಲ್ಲಿ, ಆಮೇಲೆ ಸುಡುಸುಡು ಅಡುಗೆ ತುಂಬಿ. ಅರೆಬಿಸಿ ಅಡುಗೆ ತುಂಬಿದರೆ ಅದು ಕ್ರಿಮಿ ಸಾಕುವ ಡಬ್ಬಿ.

ಕುಕ್ಕರ್ ಮಾತು ನಂಬಬೇಡಿ. ಆರುವಾಗ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಬಿಸಿ ಮಾತ್ರ ಹೊರಗೆ ಬರುವುದು ನಿಧಾನ. ಎಲೆಕ್ಟ್ರಿಕ್ ಕುಕ್ಕರಿನಲ್ಲಿ 'ವಾರ್ಮ್' ಇಟ್ಟಿದ್ದು ಅನ್ನ 60 ಡಿಗ್ರಿಗಿಂತ ಮೇಲೇ ಇದ್ದರೆ ಅದು ಬೇರೆ ಮಾತು.

ಪ್ರಶ್ನೆ (ಮತ್ತೆ ವಿಜಯನಗರ):
ಚೆಲ್ಲುತ್ತೇನೆ ಮೇಡಂ. ಆದರೆ ನಾನು ಒಂದು ಚಮಚ ಸಾರು ರುಚಿ ನೋಡಿದ್ದೇನಲ್ಲ, ಈಗ ಭಯ ಆಗುತ್ತಿದೆ. ಮಾತ್ರೆ ಏನಾದರೂ ತಗೊಳ್ಳಲಾ?

ಉತ್ತರ:
ಸುಮ್ನೆ ಮಾತ್ರೆ ಬೇಡ. ಒಂದು ಚಮಚಕ್ಕೆ ಬಹುಶಃ ಏನೂ ಆಗುವುದಿಲ್ಲ. ವಿಷದಿಂದ ಬರುವ ವಾಂತಿಯಾದರೆ ಸಾಮಾನ್ಯವಾಗಿ 1ರಿಂದ 6 ಗಂಟೆಯೊಳಗೆ ಗೊತ್ತಾಗುತ್ತದೆ. ಹೊಟ್ಟೆನೋವು, ಭೇದಿಯಾದರೆ 8ರಿಂದ 16 ಗಂಟೆ. ಬಂದರೂ ಹೆಚ್ಚಿನವರಿಗೆ ಒಂದು ದಿನದಲ್ಲಿ ಇಳಿಯುತ್ತದೆ. ಓಆರ್‌ಎಸ್ ಪ್ಯಾಕೆಟ್ ತಂದಿಟ್ಟುಕೊಳ್ಳಿ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದ ನೀರೂ ನಿಲ್ಲದಿರುವುದು, ಮೂತ್ರ ಕಡಿಮೆಯಾಗುವುದು ಇವು ಕಂಡರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಮಗುವಾದರೆ ಇನ್ನೂ ಬೇಗ.

ಪ್ರಶ್ನೆ (ವಿಜಯನಗರ):
ಥ್ಯಾಂಕ್ಸ್ ಮೇಡಂ. ಕೊನೆಯದಾಗಿ ಅತ್ತೆ ಕೇಳುತ್ತಿದ್ದಾರೆ, ಬೀದಿ ನಾಯಿಗಾದರೂ ಹಾಕಬಹುದಾ ಅಂತ.

ಉತ್ತರ:
ಬೇಡ ಅಂತ ಹೇಳಿ. ನಾಯಿಗೂ ಹೊಟ್ಟೆ ಇದೆ. ಬೆಂದ ಕೋಳಿ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಹಸಿ ಕಸಕ್ಕೆ ಹಾಕಿ, ಪಾತ್ರೆಗೆ ಬಿಸಿನೀರು ಸೋಪು. ಇವತ್ತು ಅತ್ತೆಗೆ ಬಸ್ಸಾರು ಮಾಡಿಕೊಡಿ, ಅಷ್ಟೇ.