ಮಲಹರಿಯ ಗೀತೆಯೊಂದನ್ನು ಬಹುಧ್ವನಿಯ ವೃಂದಗಾನಕ್ಕೆ ಹೊಂದಿಸುವುದು ಹೇಗೆ?

ಶ್ರುತಿಪೆಟ್ಟಿಗೆ (ಪ್ರಶ್ನೆ):

ನಮ್ಮ ಕನ್ನಡ ಕೂಟದಲ್ಲಿ ಹದಿನಾರು ಜನರ ಹಾಡುಗುಂಪೊಂದಿದೆ. ಅವರಲ್ಲಿ ಗಂಡಸರು ನಾಲ್ವರು ಮಾತ್ರ. ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ ಹಾಡುವುದು ನಮಗೆ ರೂಢಿ. ಈಗ ಮಲಹರಿ ರಾಗದಲ್ಲಿರುವ, ಆರಂಭದ ಪಾಠಗಳಲ್ಲಿ ಬರುವ ಪುರಂದರದಾಸರ ಪಿಳ್ಳಾರಿ ಗೀತೆ ‘ಶ್ರೀ ಗಣನಾಥ’ವನ್ನು ಬೇರೆ ಬೇರೆ ಧ್ವನಿಗಳಿಗೆ ಹಂಚಿ ಬರೆಯಬೇಕೆಂದಿದ್ದೇನೆ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದ್ದೇನೆ, ಪಾಶ್ಚಾತ್ಯ ಸ್ವರಲಿಪಿ (ಸ್ಟಾಫ್ ನೊಟೇಶನ್) ನಿಧಾನವಾಗಿ ಓದಬಲ್ಲೆ, ಆದರೆ ಹಾರ್ಮನಿಯನ್ನು (ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹೊಂದಿಸುವುದನ್ನು) ಕ್ರಮವಾಗಿ ಕಲಿತವಳಲ್ಲ. ಧಾಟಿಯ ಕೆಳಗೆ ಒಂದು ಸ್ವರ ಬಿಟ್ಟು ಇನ್ನೊಂದನ್ನು ಸಾಲಾಗಿ ಇಟ್ಟುಕೊಂಡು ಹೋದರೆ ಸಾಕೇ? ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಕರಾವಳಿ ಬೇಸ್:

ಸಾಲಾಗಿ ಇಡುವ ಉಪಾಯ ಮಲಹರಿಯಲ್ಲಿ ರಿಷಭದ ಬಳಿಗೆ ಬರುತ್ತಲೇ ಕೈಕೊಡುತ್ತದೆ, ಏಕೆಂದರೆ ಅದರ ಕೆಳಗೆ ನಿಷಾದ ಬೇಕು, ಈ ರಾಗದಲ್ಲಿ ನಿಷಾದವೇ ಇಲ್ಲ. ಮೊದಲು ರಾಗದ ಸ್ವರಗಳಿಂದಲೇ ಯಾವ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಮೂರು ಸ್ವರಗಳ ಗುಂಪುಗಳು) ಹುಟ್ಟುತ್ತವೆಂದು ನೋಡಿ. ಮಲಹರಿಯಲ್ಲಿ ಸ-ಗ-ಪ, ಶುದ್ಧ ರಿಷಭದ ಮೇಲೆ ರಿ-ಮ-ದ, ಮಧ್ಯಮದ ಮೇಲೆ ಮ-ದ-ಸ, ಹೀಗೆ ಹಿತವಾಗಿ ಕೂಡುವ ಮೂರು ಸಿಗುತ್ತವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಹಾಡನ್ನು ಮುಗಿಸಲು ಅತಿ ಹೆಚ್ಚು ಬಳಕೆಯಾಗುವ ಪಂಚಮದ ಕಾರ್ಡ್‌ಗೆ ನಿಷಾದ ಬೇಕು, ಶುದ್ಧಕ್ಕಿಂತ ಮೇಲಿನ ಚತುಃಶ್ರುತಿ ರಿಷಭವೂ ಬೇಕು. ಇಲ್ಲಿ ಎರಡೂ ಇಲ್ಲ. ಅದನ್ನು ಹೊರಗಿನಿಂದ ತಂದು ತುರುಕಿದರೆ ಕೇಳುವವರಿಗೆ ಮಲಹರಿ ಉಳಿಯುವುದಿಲ್ಲ.

ಅದರ ಬದಲು ರಿಷಭದ ಕಾರ್ಡ್‌ನಿಂದ ನೇರವಾಗಿ ಷಡ್ಜಕ್ಕೆ ಇಳಿಯಿರಿ. ಗೀತೆಯ ಸಾಲು ‘ದ ಪ ಮ ಗ ರಿ ಸ’ ಎಂದೇ ಮುಗಿಯುತ್ತದೆ. ಧಾಟಿ ರಿ-ಸ ಎಂದು ಇಳಿಯುವಾಗ ಅದರ ಕೆಳಗಿನ ಹೆಂಗಸರ ಧ್ವನಿ ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ದ-ಪ ಎಂದೂ, ಗಂಡಸರು ಮ-ಸ ಎಂದೂ ಇಳಿಯಲಿ. ಧೈವತ ರಿಷಭದ ಕೆಳಗೇ ಇರಬೇಕು. ಮೇಲಿಟ್ಟರೆ ಎರಡು ಧ್ವನಿಗಳೂ ಸ-ಪ ಅಂತರ ಕಾಯ್ದುಕೊಂಡೇ ಜೊತೆಯಾಗಿ ಜಾರಿ, ಒಂದೇ ಧ್ವನಿ ದಪ್ಪವಾದಂತೆ ಕೇಳುತ್ತದೆ. ನಾಲ್ಕು ಧ್ವನಿಗಳ ಬರವಣಿಗೆಯಲ್ಲಿ ಇದನ್ನು ಬೇಡವೆನ್ನುವುದು ಇದಕ್ಕಾಗಿಯೇ. ಕೊನೆಯಲ್ಲಿ ಗಾಂಧಾರವಿಲ್ಲದೆ ಸ-ಪ ಮಾತ್ರ ಉಳಿಯುವುದು ಕೊರತೆಯಲ್ಲ, ತಂಬೂರಿಯ ನಾದಕ್ಕೆ ಅದೇ ಹತ್ತಿರ.

ಕಲಿಕೆಯ ಮಾತಿಗೆ ಬಂದರೆ, ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ನಮ್ಮ ಕಡೆಯ ಚರ್ಚುಗಳಲ್ಲಿ ಜರ್ಮನ್ ಧಾಟಿಗಳಿಗೆ ಕನ್ನಡ ಸಾಹಿತ್ಯ ಹೊಂದಿಸಿ ನಾಲ್ಕು ಧ್ವನಿಗಳಲ್ಲಿ ಹಾಡುವ ರೂಢಿ ಬೆಳೆಯಿತು. ಅಂಥದೊಂದು ಕೀರ್ತನೆಯನ್ನೋ ಬಾಖ್‌ನ ಕೋರಾಲನ್ನೋ (ಚರ್ಚಿನ ಸ್ತುತಿಗೀತೆ) ತೆಗೆದುಕೊಂಡು, ಮೇಲಿನ ಧಾಟಿಯನ್ನೂ ಎಲ್ಲಕ್ಕಿಂತ ಕೆಳಗಿನ ಸಾಲಾದ ಬೇಸನ್ನೂ ಮಾತ್ರ ಇಟ್ಟುಕೊಂಡು, ನಡುವಿನ ಎರಡು ಸಾಲುಗಳನ್ನು ನೀವೇ ಬರೆದು ಮೂಲದ ಜೊತೆ ಹೋಲಿಸಿ. ಬರೆದ ಪ್ರತಿ ಸಾಲನ್ನೂ ಒಂಟಿಯಾಗಿ ಹಾಡಿ ನೋಡಿ. ಒಂದೇ ಸ್ವರವನ್ನು ಗಿಣಿಪಾಠದಂತೆ ಒಪ್ಪಿಸಬೇಕಾದ ಆಲ್ಟೊ (ಹೆಂಗಸರ ಕೆಳಧ್ವನಿ) ಹಾಡುಗಾರ್ತಿಯ ಬೇಸರ ಕಾರ್ಡ್ ಪಟ್ಟಿಯಲ್ಲಿ ಕಾಣುವುದಿಲ್ಲ.

ತಂಬೂರಿ:

ಮೇಲಿನವರು ಹೇಳಿದ ಮೂರು ಕಾರ್ಡ್‌ಗಳನ್ನು ಒಪ್ಪುತ್ತೇನೆ, ಆದರೆ ಪ್ರತಿ ಅಕ್ಷರಕ್ಕೂ ಕಾರ್ಡ್ ಬದಲಿಸುವ ಆತುರ ಬೇಡ ಎನ್ನುವುದು ನನ್ನ ಅಭಿಪ್ರಾಯ. ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) ಆರು ಅಕ್ಷರಗಳ ರೂಪಕ ತಾಳದಲ್ಲಿ ಒಂದು ಬದಲಾವಣೆಯೇ ಧಾರಾಳ. ಮೊದಲ ಸಾಲಿಗೆ ಗಂಡಸರು ಸ-ಪ ಹಿಡಿದು ನಿಂತರೆ ಸಾಕು. ಸಾಲಿನ ಕೊನೆಗೆ ಮಾತ್ರ ಬೇಸ್ ಕದಲಲಿ. ಗಂಡಸರು ನಾಲ್ವರೇ ಇರುವಾಗ ಅವರನ್ನು ಟೆನರ್ (ಮೇಲಿನದು), ಬೇಸ್ (ಕೆಳಗಿನದು) ಎಂದು ಒಡೆಯದೆ ಮೂರು ಧ್ವನಿಗಳಿಗೇ ಬರೆಯಿರಿ.

ಶ್ರುತಿಯನ್ನೂ, ಅಂದರೆ ಷಡ್ಜವನ್ನು ಎಷ್ಟು ಎತ್ತರದಲ್ಲಿ ಇಡಬೇಕೆಂಬುದನ್ನೂ, ಮರಳಿ ಯೋಚಿಸಬೇಕು. ನೀವು ಪಾಠಕ್ಕೆ ಕುಳಿತಾಗ ಬಹುಶಃ ‘ಜಿ’ಗೆ ಶ್ರುತಿ ಮಾಡಿಕೊಳ್ಳುತ್ತೀರಿ. ಈ ಗೀತೆಯ ಧಾಟಿ ಮಧ್ಯ ಷಡ್ಜದಿಂದ ತಾರ (ಮೇಲಿನ ಸ್ಥಾಯಿಯ) ರಿಷಭದವರೆಗೆ ಓಡುವುದರಿಂದ ಆ ಶ್ರುತಿಯಲ್ಲಿ ಅದರ ಕೆಳಗೆ ಹೆಂಗಸರ ಎರಡನೇ ಸಾಲಿಗೆ ಜಾಗವೇ ಇರುವುದಿಲ್ಲ. ಅದಕ್ಕಿಂತ ಮೇಲಿನ ‘ಡಿ’ಯನ್ನು ಷಡ್ಜ ಮಾಡಿಕೊಂಡರೆ ಧಾಟಿ ಸೊಪ್ರಾನೊಗಳಿಗೆ (ಹೆಂಗಸರ ಮೇಲ್ಧ್ವನಿಗೆ) ಹಿತವಾಗಿ ಕೂರುತ್ತದೆ, ಮಂದ್ರ ಪಂಚಮ ಆಲ್ಟೊಗಳ ಕೈಗೆಟುಕುತ್ತದೆ, ಗಂಡಸರಿಗೂ ತೊಡಕಿಲ್ಲ.

ಮುಂದೆ ಭಾವಗೀತೆಗಳಿಗೆ ಕೈಹಾಕುವುದಾದರೆ ಹಕ್ಕಿನ ವಿಷಯವನ್ನು ಮೊದಲೇ ನೋಡಿಕೊಳ್ಳಿ. ಭಾರತದ ಕಾಯ್ದೆಯಂತೆ ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕುವೆಂಪು 1994ರಲ್ಲಿ ನಿಧನರಾದ ಕಾರಣ ಅವರ ಕವಿತೆಗಳಿಗೆ 2054ರ ಕೊನೆಯವರೆಗೂ ಅನುಮತಿ ಬೇಕು. ಧಾಟಿ ಕಟ್ಟಿದವರ ಹಕ್ಕು ಬೇರೆಯೇ.

ಶ್ರುತಿಪೆಟ್ಟಿಗೆ:

ಇಬ್ಬರಿಗೂ ಧನ್ಯವಾದಗಳು. ‘ಡಿ’ ಶ್ರುತಿಯ ವಿಚಾರ ನನಗೆ ಹೊಳೆದಿರಲಿಲ್ಲ. ಇನ್ನೊಂದು ಸಂದೇಹವಿದೆ: ಗಮಕವನ್ನು (ಸ್ವರವನ್ನು ತೂಗಿ ಹಾಡುವುದನ್ನು) ಏನು ಮಾಡುವುದು? ಧಾಟಿಯವರು ಧೈವತವನ್ನು ತೂಗಿದರೆ ಕೆಳಗಿನವರ ಸ್ವರದೊಂದಿಗೆ ತಿಕ್ಕಾಟವಾಗುವುದಿಲ್ಲವೇ?

ಕರಾವಳಿ ಬೇಸ್:

ಆಗುತ್ತದೆ, ಆದ್ದರಿಂದಲೇ ಗೀತೆಯನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಆರಂಭದ ಪಾಠವಾದ್ದರಿಂದ ಅದನ್ನು ಸ್ವರಗಳನ್ನು ಹೆಚ್ಚು ತೂಗದೆ ಹಾಡಿದರೂ ರಾಗಕ್ಕೆ ಕುಂದು ಬರುವುದಿಲ್ಲ. ಇದೇ ಕೆಲಸವನ್ನು ಗಮಕವೇ ಜೀವಾಳವಾದ ತೋಡಿ ರಾಗದ ಕೃತಿಯೊಂದಕ್ಕೆ ಮಾಡಲು ನಾನಂತೂ ಹೋಗುವುದಿಲ್ಲ. ಗಮಕ ಬೇಕೆನಿಸಿದಲ್ಲಿ ಧಾಟಿಯ ಸಾಲಿಗೆ ಮಾತ್ರ ಇರಲಿ, ಆ ಹೊತ್ತಿನಲ್ಲಿ ಕೆಳಗಿನ ಧ್ವನಿಗಳು ಷಡ್ಜದ ಮೇಲೆ ನಿಂತಿರಲಿ. ಹಾಗೆ ನಿಲ್ಲುವಾಗ ‘ಗಣನಾಥ’ದ ‘ನಾ’, ‘ಸಿಂಧೂರ’ದ ‘ಧೂ’ ಮೊದಲಾದ ದೀರ್ಘಾಕ್ಷರಗಳ ಮೇಲೆ ಎಳೆಯಲು ಬರೆಯಿರಿ. ‘ಣ’ದಂಥ ಹ್ರಸ್ವವನ್ನು ಹತ್ತಾರು ಜನ ಸೇರಿ ಎಳೆದರೆ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಮಾತು ಕೇಳಿಸುವುದಿಲ್ಲ.