ಓರಗಿತ್ತಿ: ಓರೆಯೋ, ವಾರವೋ?

ಸೀನ: ಗಂಡನ ಅಣ್ಣನ ಇಲ್ಲ ತಮ್ಮನ ಹೆಂಡತೀನ ಓರಗಿತ್ತಿ ಅಂತಾರಲ್ಲ, ಆ ಪದ ಬಿಡಿಸಿ ನೋಡ್ರಪ್ಪ, ಎಲ್ಲಾ ಅದ್ರೊಳಗೇ ಇದೆ. ಓರೆಗಣ್ಣಲ್ಲಿ ನೋಡೋಳು!

ಬಸಣ್ಣ: ಏ, ನಮ್ಮ ಧಾರವಾಡದ ಕಡೆ ವಾರಗಿತ್ತಿ ಅಂತಾರ. ಒಂದ್ ವಾರ ಆಕಿ ರೊಟ್ಟಿ ಬಡೀಬೇಕು, ಇನ್ನೊಂದ್ ವಾರ ಈಕಿ. ಮುಗೀತಲ್ಲ.

ರಾಜಿ: ಇಬ್ರೂ ಸೇರಿ ಪದದ ಕುತ್ತಿಗೆ ಹಿಸುಕಿದ್ರಿ. ಬಸಣ್ಣ, ಒಂದೇ ವಯಸ್ಸಿನವ್ರನ್ನ ನಿಮ್ಮಲ್ಲಿ ಏನಂತಾರೆ?

ಬಸಣ್ಣ: ವಾರಿಗಿಯವ್ರು.

ರಾಜಿ: ನಾವು ಓರಗೆಯವ್ರು ಅಂತೀವಿ. ಓರಗೆ ಅಂದ್ರೆ ಸಮ, ಸರಿಜೋಡಿ. ಅದಕ್ಕೆ ಹೆಂಗಸನ್ನ ಹೇಳೋ 'ಇತ್ತಿ' ಸೇರಿದ್ರೆ ಓರಗಿತ್ತಿ. ಹೂವಾಡಿಗ–ಹೂವಾಡಗಿತ್ತಿ, ಮದುವಣಿಗ–ಮದುವಣಗಿತ್ತಿ ಇಲ್ವಾ, ಅದೇ 'ಇತ್ತಿ'.

ಸೀನ: ಹಾಗಾದ್ರೆ ಗಂಡಸು ಓರಗಿಗ ಎಲ್ಲಿ ಹೋದ?

ರಾಜಿ: ಓರಗಿತ್ತಿಯರ ಗಂಡಂದಿರು ಹುಟ್ಟಾ ಅಣ್ಣತಮ್ಮ, ಇನ್ನೊಂದು ಹೆಸರು ಯಾಕೆ? ಷಡ್ಡಕ ಬೇರೆ, ಜನ ಕಲಸಿಬಿಡೋದೇ ಅಲ್ಲಿ. ಒಬ್ಬ ಅತ್ತೆಗೆ ಇಬ್ರೂ ಸೊಸೆಯರಾದ್ರೆ ಓರಗಿತ್ತಿಯರು, ಇಬ್ರೂ ಅಳಿಯಂದಿರಾದ್ರೆ ಷಡ್ಡಕರು. ಅತ್ತೆಯಿಂದ ಲೆಕ್ಕ ಹಿಡೀರಿ, ತಪ್ಪೋದೇ ಇಲ್ಲ.

ಬಸಣ್ಣ: ಖರೆ, ಆದ್ರ ಓರೆನೂ ನಮ್ಮಲ್ಲಿ ವಾರೆ ಆಗ್ತದವಾ. ಸೀನನ ಕೇಸು ಇನ್ನೂ ಬಿದ್ದಿಲ್ಲ.

ರಾಜಿ: ಅಕ್ಕಪಕ್ಕದವ್ರನ್ನ ಕೇಳಿ. ತೆಲುಗಲ್ಲಿ ತೋಡಿಕೋಡಲು, ಅಂದ್ರೆ ಜೊತೆ ಸೊಸೆ. ತಮಿಳಿನ ಓರಗತ್ತೀನ 'ಓರ್ ಅಗ' ಅಂತ ಬಿಡಿಸ್ತಾರೆ, ಒಂದೇ ಮನೆಯವಳು. ಎಲ್ಲಿದೆ ಓರೆ?

ಸೀನ: ಒಂದೇ ಮನೆ ಅಂದ್ರೆ ಒಂದೇ ಒಲೆ. ಓರೆ ತಾನಾಗೇ ಬರತ್ತೆ ಬಿಡು.

ಬಸಣ್ಣ: "ಓರಗಿತ್ತೀ, ಬಾರವಾ" ಅಂತ ಕರೀತಾರೇನು?

ರಾಜಿ: ಯಾರೂ ಕರೆಯಲ್ಲ. ಅದು ಮೂರನೆಯವ್ರಿಗೆ ಪರಿಚಯ ಹೇಳೋಕಷ್ಟೇ. ಎದುರಿಗೆ ಹಿರಿಯಳನ್ನ ಅಕ್ಕ ಅನ್ನೋದು, ಕಿರಿಯಳನ್ನ ಹೆಸರು ಹಿಡಿಯೋದು. ಮಜಾ ಏನ್ ಗೊತ್ತಾ, ಹಿರಿತನ ಅವಳದ್ದಲ್ಲ, ಗಂಡಂದು. ದೊಡ್ಡಮಗನ ಹೆಂಡತಿ ವಯಸ್ಸಲ್ಲಿ ಎರಡು ವರ್ಷ ಚಿಕ್ಕವಳಾದ್ರೂ ಅಕ್ಕಾನೇ!

ಸೀನ: ಹೆಸರಲ್ಲಿ ಸಮ, ಹಸೆಮಣೆ ಹತ್ರ ಮೇಲುಕೆಳಗು.

ಬಸಣ್ಣ: ಈಗಿನವ್ರು ಕೋ-ಸಿಸ್ಟರ್ ಅಂದು ಕೈತೊಳಕೋತಾರ.

ರಾಜಿ: ಅದು ಇಲ್ಲೇ ರುಬ್ಬಿದ ಇಂಗ್ಲಿಷು. ಲಂಡನ್ನಲ್ಲಿ ಹೇಳಿದ್ರೆ ಯಾವ ಕಾನ್ವೆಂಟಿನ ಸಿಸ್ಟರ್ ಅಂತ ಕೇಳ್ತಾರೆ. ಅವರಿಗೆ ಅತ್ತಿಗೆ, ನಾದಿನಿ, ಓರಗಿತ್ತಿ ಮೂವರೂ ಸಿಸ್ಟರ್-ಇನ್-ಲಾ.

ಸೀನ: ಓರಗಿತ್ತಿಗೇ ನೆಗೆಣ್ಣಿ ಅಂತಾನೂ ಅಂತಾರಲ್ಲ. ನಗೋ ಹೆಣ್ಣು?

ರಾಜಿ: ಬಸಣ್ಣ, ಇವನ ಬಾಯಿಗೆ ಒಂದು ಬಜ್ಜಿ ತುರುಕ್ರಿ!