ಹಲ್ಲು ಕೀಳಿಸಿಕೊಂಡ ಬೆಕ್ಕಿಗೆ ಏನು ತಿನ್ನಿಸಿದಿರಿ?

ಕಲಬುರಗಿಯಿಂದ ಕೇಳುತ್ತಿದ್ದೇನೆ. ನಮ್ಮ ಬೆಕ್ಕಿಗೆ ಒಂಬತ್ತು ವರ್ಷ, ಗಂಡು, ಒಳ್ಳೇ ದಪ್ಪ ಇದೆ. ವಸಡು ಕೆಂಪಾಗಿ ಬಾಯಿ ನಾರುತ್ತಿತ್ತು. ನಿನ್ನೆ ಮಧ್ಯಾಹ್ನ ಡಾಕ್ಟರ್ ಅರಿವಳಿಕೆ ಕೊಟ್ಟು 11 ಹಲ್ಲು ತೆಗೆದರು. ಮನೆಗೆ ಬಂದಿದ್ದೇ ಮಂಚದ ಕೆಳಗೆ ಸೇರಿಕೊಂಡಿದೆ. ಜೊಲ್ಲು ನಸುಗೆಂಪಾಗಿ ಬರುತ್ತಿದೆ, ಇನ್ನೂ ಏನೂ ಮುಟ್ಟಿಲ್ಲ. ಅತ್ತೆಯವರು ಹಾಲಲ್ಲಿ ರೊಟ್ಟಿ ನೆನೆಸಿ ಕೊಡು ಅಂತಾರೆ. ಮನೆಯಲ್ಲಿ ಇಂಥದ್ದು ನೋಡಿದವರು ಹೇಳಿ, ದಯವಿಟ್ಟು.

ಬೀದರ್‌ನಿಂದ

ಅಕ್ಕಾ, ನಮ್ಮ ಬೆಕ್ಕಿಗೆ ಹೋದ ವರ್ಷ ದವಡೆ ಹಲ್ಲು ಎಲ್ಲಾ ತೆಗೆಸಿದೆವು. ನಸುಗೆಂಪು ಜೊಲ್ಲು ಒಂದೆರಡು ದಿನ ಇರುತ್ತದೆ, ಹೆದರಬೇಡಿ. ಕೆಂಪು ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ ಮಾತ್ರ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ತಿನ್ನದೇ ಇರೋದು ದೊಡ್ಡ ವಿಷಯ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಯಿ ಎರಡು ದಿನ ಉಪವಾಸ ಇದ್ದರೂ ತಡೆದುಕೊಳ್ಳುತ್ತದೆ, ಬೆಕ್ಕಿನ ಮೈ ಹಾಗಲ್ಲ, ಅದರಲ್ಲೂ ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯಲ್ಲಿನ ಕೊಬ್ಬೆಲ್ಲ ಲಿವರಿಗೆ ಹೋಗಿ ತುಂಬಿಕೊಂಡು ಲಿವರೇ ಕೆಡುತ್ತದೆ. ನಾಳೆ ಬೆಳಗಿನ ತನಕ ನೆಕ್ಕಲೂ ಇಲ್ಲ ಅಂದರೆ ಕಾಯುತ್ತಾ ಕೂರಬೇಡಿ, ಕರೆದುಕೊಂಡು ಹೋಗಿ. ಬಹಳ ಸಲ ಅದಕ್ಕೆ ಹಸಿವಿಲ್ಲ ಅಂತಲ್ಲ, ನೋವು. ನೋವಿನ ಔಷಧಿ ಸಾಕಾಗುತ್ತಿದೆಯಾ ಅಂತ ಕೇಳಿ.

ನಾವು ಮಾಡಿದ್ದು ಇಷ್ಟು. ಎಲುಬಿಲ್ಲದ ಕೋಳಿ ಮಾಂಸ, ಉಪ್ಪು ಖಾರ ಏನೂ ಹಾಕದೆ ಬೇಯಿಸಿ, ಆ ನೀರಿನ ಜೊತೆಗೇ ಮಿಕ್ಸಿಗೆ ಹಾಕಿ ಗಂಜಿಯ ಹಾಗೆ ಮಾಡುವುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟಿಸಲೇಬಾರದು, ಬೆಕ್ಕಿನ ರಕ್ತ ಕೆಡುತ್ತದೆ, ಹಾಗಾಗಿ ಮನೆಯವರಿಗೆ ಮಾಡಿದ ಸಾರಿನಲ್ಲಿ ಒಂದು ಸೌಟು ತೆಗೆದುಕೊಡುವುದು ಬೇಡ. ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಬಿಸಿ ಇರಲಿ. ಬೆಕ್ಕು ಮೂಗಿನಿಂದ ತಿನ್ನುವ ಪ್ರಾಣಿ, ಫ್ರಿಜ್ಜಿನಿಂದ ತೆಗೆದದ್ದಕ್ಕೆ ವಾಸನೆಯೇ ಇರುವುದಿಲ್ಲ. ಚಪ್ಪಟೆ ತಟ್ಟೆಯಲ್ಲಿ ಒಂದೆರಡು ಚಮಚ ಇಟ್ಟು ಮಂಚದ ಹತ್ತಿರ ಸರಿಸಿ ನೀವು ಅಲ್ಲಿಂದ ಎದ್ದು ಹೋಗಿ. ಎಲ್ಲರೂ ಸುತ್ತ ಬಗ್ಗಿ ನೋಡುತ್ತಾ ಕೂತರೆ ಅದು ತಿನ್ನಲ್ಲ, ನಮ್ಮನೆಯಲ್ಲಿ ಇದೇ ತಮಾಷೆ ಆಗಿದ್ದು. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಗ್ರೇವಿ ಪೌಚ್ ಇದ್ದರೆ ಅದೂ ನಡೆಯುತ್ತದೆ, ಚೂರುಗಳನ್ನು ಚಮಚದಲ್ಲಿ ಅರೆದು ಕೊಡಿ.

ಹಾಲು ರೊಟ್ಟಿ ನಮ್ಮ ಅಮ್ಮನೂ ಹೇಳಿದ್ದರು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಹೊಲಿಗೆ ಇರುವ ಬಾಯಲ್ಲಿ ಜೋಳದ ಚೂರು ಸಿಕ್ಕಿಕೊಂಡರೆ ಇನ್ನೊಂದು ಕಷ್ಟ.

ಕಲಬುರಗಿಯಿಂದಲೇ ಇನ್ನೊಬ್ಬರು

ಒಂದೇ ಮಾತು. ನರಳುತ್ತಿದೆ ಅಂತ ಮನೆಯಲ್ಲಿರುವ ಡೋಲೋ, ಕ್ರೋಸಿನ್ ಕಾಲು ಮಾತ್ರೆಯನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಪ್ರಾಣ ಹೋಗುತ್ತದೆ. ಡಾಕ್ಟರ್ ಬರೆದುಕೊಟ್ಟ ನೋವಿನ ಔಷಧಿಯನ್ನೂ ಬರೆದಷ್ಟೇ ಹನಿ, ಒಂದು ಹನಿ ಜಾಸ್ತಿ ಬೇಡ. ಕಿಡ್ನಿಗೆ ಹೊಡೆತ.

ಇನ್ನೂ ಒಂದು, ಈ ಬಿಸಿಲಲ್ಲಿ ಕೂಲರ್ ಹಾಕೇ ಹಾಕ್ತೀರಿ ಅಲ್ವಾ. ಅರಿವಳಿಕೆಯ ನಂತರ ಬೆಕ್ಕಿನ ಮೈ ತಣ್ಣಗಾಗಿರುತ್ತದೆ. ಕೂಲರ್ ಗಾಳಿ ನೇರ ಅದರ ಮೇಲೆ ಬೀಳದ ಹಾಗೆ ತಿರುಗಿಸಿ. ನೀರಿನ ಬಟ್ಟಲು ಎರಡು ಕಡೆ ಇಡಿ.

ಯಾದಗಿರಿಯಿಂದ

ನಮ್ಮ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಐದನೇ ದಿನಕ್ಕೆ ನಮ್ಮದು ಮೊದಲಿನ ಹಾಗೆ ಓಡಾಡತೊಡಗಿತು, ಅಡುಗೆಮನೆಯಲ್ಲಿ ಬಂದು ಕೂಗಾಡಿತು, ಸರಿ ಹೋಯಿತು ಅಂದುಕೊಂಡು ಸುಮ್ನೆ ಒಂದು ಹಿಡಿ ಬೆಕ್ಕಿನ ಗಟ್ಟಿ ಕಾಳು ತಿಂಡಿ (ಪ್ಯಾಕೆಟ್ಟಿನ ಒಣ ತಿಂಡಿ) ಹಾಕಿಬಿಟ್ಟೆವು. ಒಂದು ಕಡೆ ಹೊಲಿಗೆ ಬಿಚ್ಚಿತು. ಮತ್ತೆ ಅರಿವಳಿಕೆ, ಮತ್ತೆ ಹೊಲಿಗೆ, ಮತ್ತೆ ಖರ್ಚು. ಬೆಕ್ಕು ನೋವನ್ನು ಮುಚ್ಚಿಡುತ್ತದೆ, ಅದರ ಮುಖ ನೋಡಿ ನಂಬಬೇಡಿ. ಎರಡು ವಾರ ಮೆತ್ತಗಿನದ್ದೇ, ಡಾಕ್ಟರ್ ಬಾಯಿ ತೆರೆದು ನೋಡಿ ಹೇಳುವ ತನಕ. ಹೊಲಿಗೆಯ ದಾರ ಕಂಡರೆ ಎಳೆಯಬೇಡಿ, ಸಾಮಾನ್ಯವಾಗಿ ತಾನೇ ಕರಗಿ ಹೋಗುವ ದಾರ ಹಾಕಿರುತ್ತಾರೆ. ನೀವು ಬಾಯಿ ತೆರೆದು ನೋಡುವ ಕೆಲಸವೂ ಬೇಡ.

ಮಾತ್ರೆಯನ್ನು ಗಂಟಲಿಗೆ ತುರುಕಿದರೆ ಮರುದಿನ ನಿಮ್ಮನ್ನು ಕಂಡರೇ ಓಡುತ್ತದೆ. ಕಹಿ ಔಷಧಿಗೆ ನೊರೆ ಕಾರುತ್ತದೆ, ಅದನ್ನು ನೋಡಿ ನಾವು ಫಿಟ್ಸ್ ಬಂತು ಅಂತ ಅತ್ತಿದ್ದೂ ಆಗಿದೆ! ದ್ರವದ ಔಷಧಿ ಅಥವಾ ಸೂಜಿ ಆಗುತ್ತದಾ ಅಂತ ಕೇಳಿ.

ಹಲ್ಲಿಲ್ಲದೆ ಹೇಗೆ ಬದುಕುತ್ತದೆ ಅನ್ನುವ ಚಿಂತೆ ಇದ್ದರೆ ಬಿಡಿ. ಬೆಕ್ಕಿಗೆ ಇರುವುದೇ 30 ಹಲ್ಲು, ಅವು ಕತ್ತರಿಸಲಿಕ್ಕೆ, ನಮ್ಮ ಹಾಗೆ ಅಗಿಯಲಿಕ್ಕಲ್ಲ. ನಮ್ಮದು ಈಗ ಅದೇ ಕಾಳು ತಿಂಡಿ ಹಾಗೇ ನುಂಗುತ್ತದೆ. ಆದರೆ ವಸಡಿನ ಉರಿ ಒಂದೇ ವಾರಕ್ಕೆ ಹೋಗುವುದಿಲ್ಲ, ತಿಂಗಳುಗಟ್ಟಲೆ ಹಿಡಿಯಬಹುದು, ಕೆಲವಕ್ಕೆ ಆಮೇಲೂ ಔಷಧಿ ಬೇಕಾಗುತ್ತದೆ.

ಕೇಳಿದವರು, ರಾತ್ರಿ 11ಕ್ಕೆ

ಎಲ್ಲರಿಗೂ ಥ್ಯಾಂಕ್ಸ್. ಕೋಳಿ ಗಂಜಿ ಮಾಡಿ ಇಟ್ಟು ದೀಪ ಆರಿಸಿ ಹೊರಗೆ ಬಂದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ತಟ್ಟೆಯ ಒಂದು ಕಡೆ ಖಾಲಿ. ಹಾಲು ರೊಟ್ಟಿ ಅತ್ತೆಯವರು ಆಗಲೇ ನೆನೆಸಿಬಿಟ್ಟಿದ್ದರು, ಅದನ್ನು ನಾನೇ ಸಕ್ಕರೆ ಹಾಕಿಕೊಂಡು ತಿಂದೆ. ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಬುಟ್ಟಿ ತಟ್ಟೆಗೆ ತಾಗುತ್ತಿದೆ, ತೆಗೆದುಬಿಡಲಾ?

ಬೀದರ್‌ನಿಂದ

ತಿನ್ನುವಾಗ ಮಾತ್ರ ತೆಗೆಯಿರಿ, ನೀವು ಹತ್ತಿರ ಇದ್ದು. ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳಲು ಒಂದು ನಿಮಿಷ ಸಾಕು.